ಅಯ್ಯನಕೆರೆಯ ಹಿಂದಿನ ಕಬ್ಬಿಣ



ದೇಶದ ನೈಸರ್ಗಿಕ ಸಂಪತ್ತಿನ ಬಗ್ಗೆ ಮಾತಾಡಿ ಎಂದು ಈ ಉಪನ್ಯಾಸದ ದತ್ತಿಯವರು ಕೇಳಿದ್ದಾರೆ. ಅಷ್ಟು ದೊಡ್ಡ ದೇಶವನ್ನು ಒಂದು ಗಂಟೆಯಲ್ಲಿ ಸುತ್ತಿಬರುವುದು ನನ್ನಿಂದಾಗದು. ಸಖರಾಯಪಟ್ಟಣದಲ್ಲಿ ಪಡುವಣಕ್ಕೆ ಮುಖಮಾಡಿ ನಿಂತರೆ ಕಾಣುವಷ್ಟನ್ನೇ ಹೇಳುತ್ತೇನೆ.

ಕಬ್ಬಿಣ ಎಂದರೆ ನಮಗೆ ಸಂಡೂರು ನೆನಪಾಗುತ್ತದೆ, ಒಡಿಶಾ ನೆನಪಾಗುತ್ತದೆ. ಅಲ್ಲಿನದು ಬಹುಪಾಲು ಹೆಮಟೈಟ್ ಎಂಬ ಕೆಂಪು ಅದಿರು. ಅಯಸ್ಕಾಂತಕ್ಕೆ ಅಂಟುವ ಕಪ್ಪು ಅದಿರು ಮ್ಯಾಗ್ನೆಟೈಟ್. ದೇಶದಲ್ಲಿರುವ ಮ್ಯಾಗ್ನೆಟೈಟಿನಲ್ಲಿ ನಾಲ್ಕಕ್ಕೆ ಸುಮಾರು ಮೂರು ಪಾಲು ಕರ್ನಾಟಕದ್ದೇ, ಅದರಲ್ಲೂ ಹೆಚ್ಚಿನದು ಘಟ್ಟದ ಸಾಲಿನದು. ಅದಕ್ಕಿಂತ ಸೋಜಿಗವೆಂದರೆ ಇವತ್ತು ಅದನ್ನು ಹೆಚ್ಚುಕಡಿಮೆ ಯಾರೂ ಅಗೆಯುತ್ತಿಲ್ಲ.

ನಮ್ಮೆದುರಿನ ಬಾಬಾಬುಡನ್‌ಗಿರಿ ಸಾಲು ಹುಟ್ಟಿದ್ದು ಸಮುದ್ರದ ತಳದಲ್ಲಿ. ನೀರಿನಲ್ಲಿ ಕರಗಿದ್ದ ಕಬ್ಬಿಣ ಸಿಲಿಕಾದೊಂದಿಗೆ ಪದರಪದರವಾಗಿ ಕೆಳಗಿಳಿದು, ಕಪ್ಪು ಬಿಳಿ ಪಟ್ಟೆಗಳ ಬಂಡೆಯಾಯಿತು. ಆ ಪದರಗಳಿಗೆ ಭೂವಿಜ್ಞಾನಿಗಳು ಮುಳ್ಳಯ್ಯನಗಿರಿಯ ಹೆಸರನ್ನೇ ಇಟ್ಟಿದ್ದಾರೆ. ವಯಸ್ಸು ಸುಮಾರು 270 ಕೋಟಿ ವರ್ಷ. ಹಿಮಾಲಯಕ್ಕೆ ಇನ್ನೂ ಐದು ಕೋಟಿ. 1,930 ಮೀಟರ್ ಎತ್ತರದ, ನಾಡಿನ ಅತಿ ಎತ್ತರದ ಶಿಖರಕ್ಕೆ ಹೋದವರು ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ಕಾಲಡಿಯ ಕಲ್ಲನ್ನು ನೋಡುವವರು ಕಡಿಮೆ.

ಅಗೆದದ್ದೇ ಇಲ್ಲ ಎಂದಲ್ಲ. 1923ರಲ್ಲಿ ಭದ್ರಾವತಿಯ ಕುಲುಮೆ ಹೊತ್ತಿಕೊಂಡಾಗ ಅದಿರು ಬಂದದ್ದು ತರೀಕೆರೆ ಸೀಮೆಯ ಕೆಮ್ಮಣ್ಣುಗುಂಡಿಯಿಂದ. ಕುಲುಮೆಗೆ ಬೇಕಾದ ಇದ್ದಿಲು ಬಂದದ್ದು ಮಲೆನಾಡಿನ ಮರಗಳಿಂದ. ಆ ಲೆಕ್ಕದಲ್ಲಿ ಒಂದೇ ಮಲೆಯ ಒಡಲನ್ನೂ ಹೊದಿಕೆಯನ್ನೂ ಒಟ್ಟಿಗೇ ಸುಟ್ಟೆವು. ಆದರೂ ಆ ಕಬ್ಬಿಣ ಮೈಸೂರು ಸಂಸ್ಥಾನದಲ್ಲಿ ಒಂದು ಪಟ್ಟಣವನ್ನು ಕಟ್ಟಿತು, ಸಾವಿರಾರು ಮನೆಗಳಿಗೆ ಅನ್ನ ಕೊಟ್ಟಿತು. ಅದನ್ನು ನಾನು ಹಗುರಾಗಿ ಕಾಣಲಾರೆ.

ಕುದುರೆಮುಖದ ಕಥೆಯೇ ಬೇರೆ. ಅಲ್ಲಿನ ಅದಿರಿಗೆ ಗಿರಾಕಿ ಇರಾನ್. ಆ ಒಪ್ಪಂದದ ಬಲದಿಂದ 1976ರಲ್ಲಿ ಕಂಪನಿ ಹುಟ್ಟಿತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ, ಗಿರಾಕಿಯೇ ಇಲ್ಲವಾದ. ಆದರೂ ಗಣಿ ನಿಲ್ಲಲಿಲ್ಲ. ಬಂಡೆಯಲ್ಲಿದ್ದ ಕಬ್ಬಿಣ ಶೇಕಡ 38ರಷ್ಟು. ಅದನ್ನು ನುಣ್ಣಗೆ ಅರೆದು ಶೇಕಡ 67ಕ್ಕೆ ಏರಿಸಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಹರಿಯಬಿಟ್ಟರು. ಅಲ್ಲಿಂದ ಹಡಗಿಗೆ. ನಮಗೆ ಉಳಿದದ್ದು ಅರೆದ ಹೂಳು. ಅದನ್ನು ತಡೆಯಲೆಂದೇ ಲಖ್ಯಾ ಹಳ್ಳಕ್ಕೆ ನೂರು ಮೀಟರಿನಷ್ಟು ಎತ್ತರದ ಕಟ್ಟೆ ಹಾಕಬೇಕಾಯಿತು. 2005ರ ಕೊನೆಗೆ ಸುಪ್ರೀಂ ಕೋರ್ಟಿನ ಆದೇಶದಂತೆ ಗಣಿ ನಿಂತಿತು. ಆ ಬೆಟ್ಟಗಳಲ್ಲೇ ಭದ್ರೆಯ ಉಗಮ.

ಈಗ ನಮ್ಮೂರಿಗೆ ಬರೋಣ. ಮುಳ್ಳಯ್ಯನಗಿರಿಯ ಬಳಿ ಹುಟ್ಟುವ ಗೌರಿಹಳ್ಳ ಶಕುನಗಿರಿಯ ಬುಡದಲ್ಲಿ ಅಯ್ಯನಕೆರೆಯಾಗಿ ನಿಲ್ಲುತ್ತದೆ. ಈ ಊರನ್ನಾಳಿದ ರುಕ್ಮಾಂಗದರಾಯ ಕಟ್ಟಿಸಿದನೆಂದು ಹೇಳುವ ಕೆರೆ ಇದು. ಹೊಯ್ಸಳರ ಕಾಲದಲ್ಲಿ, 1156ರಲ್ಲಿ, ಜೀರ್ಣೋದ್ಧಾರವಾಯಿತು. ಏರಿ ಉಳಿಯಲೆಂದು ಪ್ರಾಣ ತೆತ್ತ ಕಾವಲುಗಾರನ ಐತಿಹ್ಯವೂ ಇಲ್ಲಿದೆ. ಬೆಟ್ಟದ ನೆತ್ತಿಯ ಹುಲ್ಲು, ಕಣಿವೆಯ ಶೋಲಾ ಕಾಡು, ಶಿಥಿಲಗೊಂಡ ಬಂಡೆಯ ಬಿರುಕು ಇವೆಲ್ಲ ಮುಂಗಾರಿನ ನೀರನ್ನು ಹೀರಿಟ್ಟುಕೊಂಡು ತಿಂಗಳುಗಟ್ಟಲೆ ಒಸರುತ್ತವೆ. ಮಳೆನೆರಳಿನ ಕಡೂರು ಬಯಲಿನ ಅಂಚಿನಲ್ಲಿ ನಮಗೆ ಗದ್ದೆಯಿರುವುದು ಅದರಿಂದ. ಅದಿರನ್ನು ಟನ್ನಿನಲ್ಲಿ ಅಳೆಯುವ ಸರ್ಕಾರಿ ಪಟ್ಟಿಗಳಲ್ಲಿ ಈ ಒಸರಿಗೆ ಒಂದು ಅಂಕಣವಿಲ್ಲ. ಅಗೆಯದ ಕಬ್ಬಿಣವನ್ನು ಸೋಮಾರಿ ಸಂಪತ್ತು ಎನ್ನುವವರು ಒಮ್ಮೆ ಬೇಸಿಗೆಯಲ್ಲಿ ಏರಿಯ ಮೇಲೆ ನಡೆದುಹೋಗಲಿ.

ಇಲ್ಲಿಂದ ಮುಂದೆ ವೇದಾ ಹೊಳೆ ಎನಿಸಿಕೊಳ್ಳುವ ಗೌರಿಹಳ್ಳ, ಮದಗದಕೆರೆಯ ಆವತಿಯನ್ನು ಕಡೂರಿನ ಬಳಿ ಕೂಡಿಕೊಂಡು ವೇದಾವತಿಯಾಗುತ್ತದೆ. ಹಿರಿಯೂರಿನ ಮಾರಿಕಣಿವೆಯಲ್ಲಿರುವ ವಾಣಿವಿಲಾಸ ಸಾಗರ ಸೇರುತ್ತದೆ. 1933ರಲ್ಲಿ ಕೋಡಿಬಿದ್ದ ಆ ಜಲಾಶಯ ಮತ್ತೆ ಕೋಡಿಬಿದ್ದದ್ದು 2022ರಲ್ಲಿ. ಆ ವರ್ಷದ ಮಳೆ ಜೋರಾಗಿತ್ತು, ನಿಜ. ಆದರೆ 2019ರಿಂದ ಇನ್ನೊಂದು ನೀರೂ ಅಲ್ಲಿಗೆ ಬರುತ್ತಿತ್ತು. ಭದ್ರೆಯಿಂದ ಎತ್ತಿ, ಅಜ್ಜಂಪುರದ ಸುರಂಗ ದಾಟಿಸಿ ವೇದಾವತಿಗೆ ಬಿಟ್ಟ ನೀರು. ಕುದುರೆಮುಖದ ಕಬ್ಬಿಣದ ಬೆಟ್ಟದ್ದೂ ಮುಳ್ಳಯ್ಯನಗಿರಿಯ ಕಬ್ಬಿಣದ ಬೆಟ್ಟದ್ದೂ ಈಗ ಮಾರಿಕಣಿವೆಯಲ್ಲಿ ಒಂದೇ ನೀರು. ಚಿತ್ರದುರ್ಗ ಅದನ್ನೇ ಕುಡಿಯುತ್ತಿದೆ.