ಬಯಲಿನ ದನಿ, ಭವನದ ನಾದ

ಮೊಳಕಾಲ್ಮೂರು ಸೀಮೆಯ ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ ಅಶೋಕನ ಶಾಸನವುಳ್ಳ ಬಂಡೆಯೊಂದಿದೆ. 1892ರಲ್ಲಿ ಬಿ. ಎಲ್. ರೈಸ್ ಅವರು ಅದನ್ನು ಬೆಳಕಿಗೆ ತಂದರು. ಜಾತ್ರೆಯಲ್ಲಿ ಬಳೆಗಾರರು ಅಲ್ಲಿ ಅಂಗಡಿ ಹೂಡುತ್ತಿದ್ದುದರಿಂದ ಜನ ಅದನ್ನು ‘ಬಳೆಗಾರ ಗುಂಡು’ ಎಂದು ಕರೆದರು. ಸತ್ಯವನ್ನು ನುಡಿ, ತಂದೆತಾಯಿಗಳ ಮಾತು ಕೇಳು ಎಂಬ ಆ ಬುದ್ಧಿವಾದವನ್ನು ಅಲ್ಲಿ ನಿಂತು ಓದಿದರೆ, ಮಾತು ಕಿವಿ ಮುಟ್ಟಿ ಅಲ್ಲಿಗೇ ಮುಗಿಯುತ್ತದೆ. ಬಯಲಿನಲ್ಲಿ ದನಿಯನ್ನು ಹಿಂದಿರುಗಿಸಲು ಗೋಡೆಯಿಲ್ಲ, ಸೂರಿಲ್ಲ.

ವಿಜಯಪುರದ ಗೋಲಗುಂಬಜಿನಲ್ಲಿ ಇದಕ್ಕೆ ತೀರ ವಿರುದ್ಧ. ಒಂದು ಚಪ್ಪಾಳೆ ಹಲವು ಸಲ ಮರುನುಡಿಯುತ್ತದೆ. ಸಂಗೀತಕ್ಕೆ ಬೇಕಾದದ್ದು ಇವೆರಡರ ನಡುವಣ ಹದ. ಹಾಡು ನಿಂತ ಮೇಲೂ ನಾದ ಒಂದೆರಡು ಸೆಕೆಂಡು ಸುಳಿದಾಡಿ ಅಡಗಬೇಕು. ಇದೇ ಅನುರಣನ.

ಕಟ್ಟಡದಲ್ಲಿ ಈ ಗುಣ ಸಾಲದಿದ್ದರೆ? 1951ರಲ್ಲಿ ತೆರೆದ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನಲ್ಲಿ ನಾದ ಒಣಗಿದಂತಿತ್ತು. 1964ರಿಂದೀಚೆಗೆ ಪೀಟರ್ ಪಾರ್ಕಿನ್ ಎಂಬ ವಿಜ್ಞಾನಿ ಅಲ್ಲಿ ಮೈಕುಗಳನ್ನೂ ಧ್ವನಿವರ್ಧಕಗಳನ್ನೂ ಜೋಡಿಸಿದರು. ಕೊನೆಗೆ ಅಂಥ 172 ಜೋಡಿಗಳಾದವು. ಪ್ರತಿಯೊಂದೂ ತನ್ನ ಸ್ವರಕ್ಕೆ ಮಾತ್ರ ಓಗೊಟ್ಟು, ಅಡಗುವ ನಾದಕ್ಕೆ ಆಸರೆಯಾಗುತ್ತಿತ್ತು. ಇಂದು ಆ ಏರ್ಪಾಡು ಅಲ್ಲಿಲ್ಲ. 2007ರಲ್ಲಿ ಮುಗಿದ ನವೀಕರಣದಲ್ಲಿ ಸಭಾಂಗಣವನ್ನೇ ತಿದ್ದಿದರು.

ಇಂಥ ಏರ್ಪಾಡನ್ನು ಕಟ್ಟುವ ಮೊದಲೇ ಗಣಕಯಂತ್ರದಲ್ಲಿ ಪರೀಕ್ಷಿಸಬಹುದು. ತತ್ತ್ವವನ್ನು ತಾವು ಸ್ಲೇಟಿನ ಮೇಲೆಯೇ ನೋಡಬಹುದು. ದನಿ ಮೈಕಿನಿಂದ ಧ್ವನಿವರ್ಧಕಕ್ಕೆ ಹೋಗಿ ಮತ್ತೆ ಮೈಕಿಗೆ ಬರಲು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗ ಹಿಡಿಯಿತೆನ್ನಿ. ಒಂದೊಂದು ಸುತ್ತಿಗೂ ಹತ್ತರಲ್ಲಿ ಏಳು ಪಾಲು ಉಳಿದರೆ, ಅದು ಸಾವಿರದಲ್ಲೊಂದು ಪಾಲಿಗೆ ಇಳಿಯಲು ಸುಮಾರು 1 ಸೆಕೆಂಡು ಸಾಕು. ಒಂಬತ್ತು ಪಾಲು ಉಳಿದರೆ 3 ಸೆಕೆಂಡಿಗೂ ಮಿಕ್ಕಿ ಬೇಕು. ಹತ್ತಕ್ಕೆ ಹತ್ತೂ ಉಳಿದರೆ ನಾದ ಅಡಗುವುದೇ ಇಲ್ಲ; ಅದಕ್ಕೂ ಮೀರಿದರೆ ಮದುವೆಯ ಚಪ್ಪರದಲ್ಲಿ ಮೈಕು ಕಿರುಚುವುದನ್ನು ಕೇಳಿದ್ದೀರಲ್ಲ, ಅದೇ ಗತಿ! ಕಿರುಚುವ ಅಂಚಿಗೆ ಎಷ್ಟು ಹತ್ತಿರ ಹೋಗಬಹುದೆಂಬುದನ್ನು ಲೆಕ್ಕ ಮೊದಲೇ ಹೇಳುತ್ತದೆ. ಸಭಿಕರ ಕಿವಿಗೆ ನೋವಾಗುವ ಮುನ್ನ ತಪ್ಪು ಕಾಗದದ ಮೇಲೆಯೇ ತಿಳಿಯುತ್ತದೆ.

ಆದರೆ ಸಂಗೀತಕ್ಕೆ ಹಿತವಾದದ್ದು ಮಾತಿಗೆ ಹಿತವಲ್ಲ. ಒಂದು ಅಕ್ಷರದ ಬಾಲ ಮುಂದಿನ ಅಕ್ಷರವನ್ನು ಮುಚ್ಚುತ್ತದೆ. ಹರಿಕಥೆಯಲ್ಲಿ ದಾಸರು ಹಾಡುವಾಗ ಬೇಕಾದ ಅನುರಣನ, ಕಥೆ ಹೇಳುವಾಗ ತಗ್ಗಬೇಕು. ಗೋಡೆಗೆ ಇದು ಸಾಧ್ಯವಿಲ್ಲ, ವಿದ್ಯುತ್ ಯಂತ್ರಕ್ಕೆ ಸಾಧ್ಯ. ಅದರ ಹೆಚ್ಚಳ ಇರುವುದು ಇಲ್ಲಿಯೇ. ಸದ್ದು ಹೆಚ್ಚಿಸುವುದು ಸುಲಭ. ಎಲ್ಲಿ ನಾದ ಉಳಿಯಬೇಕು, ಎಲ್ಲಿ ಮಾತು ಬಿಡಿಸಿ ಕೇಳಬೇಕು ಎಂಬುದನ್ನು ತಿಳಿದು ಗುಂಡಿ ತಿರುಗಿಸುವ ಕೈಗೆ ಮಾತ್ರ ವಿವೇಕ ಬೇಕು.