ಹೃದಯಕ್ಕೆ ಹೊಸ ಕೋಶ: ಹೊಲ ಅಡವಿಡುವ ಮುಂಚೆ



ದೊಡ್ಡ ಹೃದಯಾಘಾತವಾದರೆ ಸುಮಾರು ನೂರು ಕೋಟಿ ಸ್ನಾಯುಕೋಶಗಳು ಸಾಯುತ್ತವೆ. ಕಾಲಿನ ಗಾಯ ಮಾಯುತ್ತೆ. ಹೃದಯದಲ್ಲಿ ಕಲೆ ಉಳಿಯುತ್ತೆ, ಆ ಭಾಗ ಮಿಡಿಯಲ್ಲ. ಅಲ್ಲಿ ಹೊಸ ಕೋಶ ನಾಟಿ ಮಾಡಿದರಾಯ್ತಲ್ಲ ಅಂತ ವೈದ್ಯರು ಪ್ರಯತ್ನಿಸಿದರು. ನೀರಿಲ್ಲದ ಗದ್ದೆಯ ಸಸಿಯಂತೆ ಬಹುಪಾಲು ಕೋಶಗಳು ಕೆಲವೇ ದಿನಗಳಲ್ಲಿ ಸತ್ತವು.

2003ರಲ್ಲಿ ಅಮೆರಿಕದ ಬಾಸ್ಟನ್ನಿನ ಸಂಶೋಧಕರು ಇಲಿಗಳ ಮೂಳೆಮಜ್ಜೆಯ ಕಾಂಡಕೋಶಗಳಿಗೆ, ಕೋಶ ಸಾಯದಂತೆ ಕಾಯುವ ‘ಎಕೆಟಿ’ ಎಂಬ ಜೀನನ್ನು ಸೇರಿಸಿ ನಾಟಿ ಮಾಡಿದರು. ಇಲಿಗಳ ಹೃದಯ ಚೆನ್ನಾಗಿ ಚೇತರಿಸಿತು. ಮಜ್ಜೆಯಿಂದ ಕೋಶ ತೆಗೆಯಲು ಭ್ರೂಣವನ್ನು ನಾಶಮಾಡಬೇಕಿಲ್ಲ. ಹಾಗಾಗಿ ಧರ್ಮಸಭೆಗೆ ಅದರಲ್ಲಿ ಆಕ್ಷೇಪವಿಲ್ಲ.

ಆದರೆ ಇಲಿಯ ಹೃದಯ ಬೇರೆ, ನಮ್ಮದು ಬೇರೆ. ಮನುಷ್ಯರಿಗೆ ಇದಿನ್ನೂ ಪ್ರಯೋಗದ ಹಂತದಲ್ಲೇ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ, ಕೆಲವು ರಕ್ತದ ಕಾಯಿಲೆಗಳನ್ನು ಬಿಟ್ಟರೆ ಕಾಂಡಕೋಶವನ್ನು ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ ಕೊಡಬಹುದು. ಪ್ರಯೋಗ ಅಂದಮೇಲೆ ಅದರ ಖರ್ಚನ್ನು ರೋಗಿಯಿಂದ ಕೇಳುವಂತಿಲ್ಲ.

ಹೀಗಿರುವಾಗ ಯಾರಾದರೂ “ಲಕ್ಷಗಟ್ಟಲೆ ಕಟ್ಟಿ, ಹೃದಯ ಹೊಸದಾಗುತ್ತೆ” ಅಂದರೆ, ಹೊಲ ಅಡವಿಡುವ ಮುಂಚೆ ಆ ಕಾಗದಪತ್ರ ಹಿಡ್ಕೊಂಡು ನಮ್ಮ ಕಚೇರಿಗೆ ಬನ್ನಿ. ಕೂತು ಓದಿ ಹೇಳ್ತೀವಿ. ಅಲ್ಲಿಯವರೆಗೆ ಡಾಕ್ಟರು ಬರೆದುಕೊಟ್ಟ ಮಾತ್ರೆ ನಿಲ್ಲಿಸಬೇಡಿ.