ಕರೆಯುವ ಬಗೆ



ಮನೆಯಲ್ಲಿ ಮದುವೆ ಬಂದಾಗ ನಾವು ಎರಡು ಬಗೆಯಲ್ಲಿ ಕರೆಯುತ್ತೇವೆ. ಕೆಲವರಿಗೆ ಪತ್ರಿಕೆ ಕಳಿಸುತ್ತೇವೆ. ಕೆಲವರ ಮನೆಗೆ ನಾವೇ ಹೋಗಿ, ಅಕ್ಷತೆ ಕೊಟ್ಟು, 'ನೀವು ಬರಲೇಬೇಕು' ಎಂದು ಹೇಳಿ ಬರುತ್ತೇವೆ. ಸುದ್ದಿ ಎರಡರಲ್ಲಿಯೂ ಒಂದೇ. ಆದರೆ ಪತ್ರಿಕೆ ಬಂದವನು 'ಬಿಡುವಾದರೆ ನೋಡೋಣ' ಎನ್ನುತ್ತಾನೆ. ಮನೆಗೆ ಬಂದು ಕರೆದರೆ ಅದೇ ಮನುಷ್ಯ ಬಿಡುವು ಮಾಡಿಕೊಂಡು ಹೊರಡುತ್ತಾನೆ. ಹೇಳುವ ಮಾತಿಗಿಂತ ಹೇಳುವ ಬಗೆಗೇ ಒಮ್ಮೊಮ್ಮೆ ಹೆಚ್ಚು ಬಲವಿರುತ್ತದೆ. ಊರುಗಳೂ ಹೀಗೆಯೇ ಕರೆಯುತ್ತವೆ. ತಮ್ಮ ಗುಡಿ, ತಮ್ಮ ಫಲಕ, ತಮ್ಮ ವಾದ್ಯಗಳಿಂದ ಕರೆಯುತ್ತವೆ, ಕೆಲವು ಸಲ ದೂರ ತಳ್ಳುತ್ತವೆ. ಘಟ್ಟದ ಕೆಳಗಿನ ಹೊನ್ನಾವರ, ಕುಮಟಾ, ಭಟ್ಕಳಗಳನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ಸ್ವಲ್ಪ ವಿಚಾರಿಸೋಣ.

ಹೊನ್ನಾವರ ತಾಲೂಕಿನ ಗೇರುಸೊಪ್ಪೆಯಲ್ಲಿ, ಶರಾವತಿಯ ಬದಿಯ ಕಾಡಿನೊಳಗೆ ಚತುರ್ಮುಖ ಬಸದಿ ಇದೆ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. ಪ್ರತಿಯೊಂದು ಬಾಗಿಲಿಗೂ ಎದುರಾಗಿ ಒಬ್ಬ ತೀರ್ಥಂಕರರು ಕುಳಿತಿದ್ದಾರೆ. ಯಾವ ಕಡೆಯಿಂದ ಬಂದವನಿಗೂ ಅಲ್ಲಿ ದೇವರ ಬೆನ್ನು ಕಾಣುವುದಿಲ್ಲ. ಯಾರೂ ಹಿಂಬಾಗಿಲಿನಿಂದ ಬಂದವರಾಗುವುದಿಲ್ಲ. ಇದನ್ನು ಉಪದೇಶ ಮಾಡಿ ತಿಳಿಸುವ ಅಗತ್ಯವೇ ಬೀಳದಂತೆ ಆ ಶಿಲ್ಪಿಗಳು ಕಲ್ಲಿನಲ್ಲಿ ಕಟ್ಟಿಟ್ಟರು.

ಅದೇ ತಾಲೂಕು ಯಕ್ಷಗಾನದ ತವರು. ಗುಣವಂತೆಯ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದರು. ಕರಪತ್ರ, ಧ್ವನಿವರ್ಧಕಗಳು ಇಲ್ಲದ ಕಾಲದಲ್ಲಿ ಇಂದು ಆಟವಿದೆ ಎಂಬುದನ್ನು ಊರಿಗೆ ತಿಳಿಸುತ್ತಿದ್ದುದು ಚಂಡೆ. ತೋಟ ದಾಟಿ, ಹೊಳೆ ದಾಟಿ ಹೋಗುವ ಆ ಸದ್ದಿಗೆ ಇದು ಯಾರ ಮನೆ ಎಂಬ ವಿಚಾರಣೆ ಇರಲಿಲ್ಲ. ಕೇಳಿದವರು ಕಂಬಳಿ ಹೊದ್ದು, ಸೂಡಿ ಹಿಡಿದು ಬಂದರು. ಧ್ವನಿವರ್ಧಕವೂ ದೂರ ಹೋಗುತ್ತದೆ, ನಿಜ. ಆದರೆ ಅದು ಕರೆದು ಸುಮ್ಮನಾಗುವುದಿಲ್ಲ. ಬಾರದವನ ಕಿವಿಯನ್ನೂ ಹಿಡಿದು ಎಳೆಯುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅದನ್ನು ನಿಲ್ಲಿಸಬೇಕೆಂದು 2000ದಲ್ಲಿ ಸರಕಾರವೇ ನಿಯಮ ಮಾಡಬೇಕಾಯಿತು. ಎಲ್ಲ ಮತದವರಿಗೂ ಬೇಕಾಗಿ ಬಂದ ನಿಯಮ ಅದು. ಮಠಗಳೂ ಇದಕ್ಕೆ ಹೊರತಲ್ಲ, ಇದನ್ನು ನಾವು ನಗುತ್ತಲೇ ಒಪ್ಪಿಕೊಳ್ಳಬೇಕು.

ಕುಮಟಾದ ಗುಡಿಗಾರರ ಶ್ರೀಗಂಧದ ಕೆತ್ತನೆಯನ್ನು ನೀವು ಬಲ್ಲಿರಿ. ಅಂಗೈಯಗಲದ ತುಂಡಿನಲ್ಲಿ ಬಳ್ಳಿ, ಹಂಸ, ದೇವತೆ ಎಲ್ಲವೂ ಇರುತ್ತವೆ. ಹತ್ತಿರ ಹೋಗಿ, ಬಾಗಿ ನೋಡಬೇಕು. ಇಂದು ಊರೂರ ಹಬ್ಬಗಳಲ್ಲಿ ಕಣ್ಣಿಗೆ ಮೊದಲು ಬೀಳುವುದು ಫ್ಲೆಕ್ಸು. ಅದರಲ್ಲಿ ದೇವರು ಒಂದು ಮೂಲೆಗೆ ಸರಿದಿರುತ್ತಾನೆ, ಶುಭ ಕೋರುವವರ ಮುಖಗಳೇ ಉಳಿದೆಡೆಯೆಲ್ಲ ತುಂಬಿರುತ್ತವೆ! 2016ರಲ್ಲಿ ರಾಜ್ಯ ಸರಕಾರ ಪ್ಲಾಸ್ಟಿಕ್ ಫ್ಲೆಕ್ಸನ್ನು ನಿಷೇಧಿಸಿತು. ಮುಖಗಳು ಇಳಿಯಲಿಲ್ಲ.

ಭಟ್ಕಳ ತಾಲೂಕಿನ ಮುರ್ಡೇಶ್ವರದಲ್ಲಿ 123 ಅಡಿಯ ಶಿವನಿದ್ದಾನೆ. 20 ಅಂತಸ್ತಿನ ಗೋಪುರಕ್ಕೆ ಲಿಫ್ಟೂ ಇದೆ. ದೂರದ ಜನರನ್ನು ಅದು ಕರೆತಂದಿದೆ, ಎಷ್ಟೋ ಮನೆಗಳ ಒಲೆ ಅದರಿಂದ ಉರಿಯುತ್ತಿದೆ. ಹಗುರವಾಗಿ ಮಾತಾಡಬಾರದು. ಆದರೆ ಬಂದವರಲ್ಲಿ ಅನೇಕರು ಶಿವನಿಗೆ ಬೆನ್ನು ಮಾಡಿ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುತ್ತಾರೆ. ಅಂಗೈಯಲ್ಲಿ ಲಿಂಗವನ್ನಿಟ್ಟು ನೋಡಲು ಕಲಿಸಿದ ಪರಂಪರೆಯವರಾದ ನಮಗೆ ಇದು ವಿಚಿತ್ರವಾಗಿ ತೋರುತ್ತದೆ.

ಇನ್ನು ಭಟ್ಕಳ ಪಟ್ಟಣ. ಪೇಟೆಯ ಸುತ್ತಿನಲ್ಲಿಯೇ ಜೈನ ಬಸದಿ, ಕೇತಪೈ ನಾರಾಯಣ ಗುಡಿ, ಚಿನ್ನದ ಪಳ್ಳಿ ಎಂದು ಕನ್ನಡದ ಹೆಸರಿನಿಂದಲೇ ಕರೆಸಿಕೊಳ್ಳುವ ಜಾಮಿಯಾ ಮಸೀದಿ. ಗುಡಿ ಬಸದಿಗಳ ಕಲ್ಲಿನ ಮಾಡು ಇಳಿಜಾರು. ಕರಾವಳಿಯ ಮಳೆ ಮತ ನೋಡಿ ಸುರಿಯುವುದಿಲ್ಲವಷ್ಟೆ. ಇಂಥ ಊರಿನಲ್ಲಿ 2022ರಲ್ಲಿ ಪುರಸಭೆಯ ಕಟ್ಟಡದ ಮೇಲೆ ಕನ್ನಡ, ಇಂಗ್ಲಿಷುಗಳ ಜೊತೆಗೆ ಉರ್ದುವಿನಲ್ಲಿಯೂ ಹೆಸರು ಬರೆದಾಗ ವಿರೋಧವೆದ್ದಿತು. ಕೊನೆಗೆ ಆ ಅಕ್ಷರಗಳನ್ನು ತೆಗೆಸಲಾಯಿತು. ಕನ್ನಡ ನಾಡಿನ ಕಚೇರಿಯಲ್ಲಿ ಕನ್ನಡ ಮೊದಲು, ಕನ್ನಡ ದೊಡ್ಡದಾಗಿ ಇರಬೇಕು. ಇದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ನೀವು ಇದನ್ನೂ ಯೋಚಿಸಿರಿ: ಅಲ್ಲಿಯ ನವಾಯತರು ಮನೆಯಲ್ಲಿ ಆಡುವುದು ಕೊಂಕಣಿಗೆ ಹತ್ತಿರದ ನುಡಿ, ಬರೆಯುವುದು ಅರಬ್ಬಿ ಮೂಲದ ಲಿಪಿಯಲ್ಲಿ. ಪಕ್ಕದ ಓಣಿಯವರು ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ. ಬಾಯಿಗೆ ಬಂದರೆ ಒಬ್ಬರ ಮಾತು ಇನ್ನೊಬ್ಬರಿಗೆ ಬಹುಪಾಲು ತಿಳಿಯುತ್ತದೆ, ಗೋಡೆಯ ಮೇಲೇರಿದರೆ ಗುರುತೇ ಸಿಗುವುದಿಲ್ಲ. ಜಗಳ ಹುಟ್ಟಿದ್ದು ಗೋಡೆಯ ಮೇಲೆ.

1993ರಲ್ಲಿ, ರಾಮನವಮಿಯ ಹೊತ್ತಿಗೆ, ಇದೇ ಊರಿನಲ್ಲಿ ಗಲಭೆ ಹೊತ್ತಿಕೊಂಡು ತಿಂಗಳುಗಟ್ಟಲೆ ಉರಿಯಿತು. ಜೀವಗಳು ಹೋದವು. ಅದೇ ರಾಮನವಮಿಗೆ ಅಲ್ಲಿ ಚೆನ್ನಪಟ್ಟಣದ ಹನುಮಂತ ದೇವರ ತೇರು. ಆ ತೇರಿಗೆ ಹಿಂದಿನಿಂದ ನಡೆದುಬಂದ ಒಂದು ಪದ್ಧತಿ ಇದೆ: ದೇವಸ್ಥಾನದವರು ವಾದ್ಯ ಸಮೇತ ಮುಸಲ್ಮಾನರ ಮನೆಗೆ ಹೋಗಿ, ಮನೆಯ ಹಿರಿಯರನ್ನು ಕಂಡು ತೇರಿಗೆ ಬರಬೇಕೆಂದು ಕರೆಯುತ್ತಾರೆ. ಪತ್ರಿಕೆಯನ್ನು ಯಾರ ಕೈಯಲ್ಲಾದರೂ ಕಳಿಸಬಹುದಿತ್ತು. ಈಗ ಮೊಬೈಲಿನಲ್ಲಿ ಒಂದು ಚಿತ್ರ ಕಳಿಸಿದರೂ ಸುದ್ದಿ ಮುಟ್ಟುತ್ತದೆ. ಅವರು ನಡೆದೇ ಹೋಗುತ್ತಾರೆ.